ಏಳರ ತನಕ

ಹೋಮಾ ಬೇ. ತಗಡಿನ ಸೂರಿನ ತರಗತಿ.
ಹಿಂದಿನ ಬೆಂಚಿನಲ್ಲಿ, ಮಕ್ಕಳ ನಡುವೆ ಮಂಡಿ ಮಡಚಿ
ಕೂತಿದ್ದಳು ನಫೂಲಾ. ತಪ್ಪು ಹಿಡಿಯಲು ಬಂದವಳೆಂದೇ
ಹದಿನೇಳು ವರ್ಷ ಪಳಗಿದ ಕೈಯಲ್ಲಿ
ಸೀಮೆಸುಣ್ಣ ಎರಡು ಸಲ ಮುರಿಯಿತು.

ಗಂಟೆ ಹೊಡೆದ ಮೇಲೆ ಪುಸ್ತಕ ತೋರಿಸಿದಳು:
ಬರೀ ಗೀಟುಗಳು.
"ಪ್ರಶ್ನೆ ಹತ್ತೊಂಬತ್ತು. ಉತ್ತರ
ಹತ್ತೊಂಬತ್ತೂ ನಿಮ್ಮವೇ, ಓಗೋಲಾ."
ನಕ್ಕಳು. ನಾನೂ, ತಡವಾಗಿ.
"ನಾಳೆ ಕೇಳಿ, ಏಳರ ತನಕ ಎಣಿಸಿ. ನಾನೂ ಎಣಿಸ್ತೀನಿ."

ಮಾರನೆ ದಿನ: ಸರೋವರದ ನೀರು ಎಲ್ಲಿಗೆ ಹೋಗುತ್ತೆ?
ಒಂದು. ಎರಡು. ನಾಲಿಗೆ ತುರಿಸಿತು.
ನಾಲ್ಕು. ತಗಡಿನ ಮೇಲೆ ಕಾಗೆಯ ಉಗುರು.
ಹಿಂದೆ ನಫೂಲಾಳ ಬೆರಳು ಮಡಚಿಕೊಳ್ಳುತ್ತಿತ್ತು.
ಆರು.
ವರ್ಷವಿಡೀ ಬಾಯಿ ಬಿಡದ ಅಪೊಂಡಿ ಎದ್ದಳು:
"ಸ್ವಲ್ಪ, ಅಪ್ಪನ ಬಲೆಯಲ್ಲಿ ಮನೆಗೆ ಬರುತ್ತೆ, ಸರ್."

ಉಳಿದ ಒಂದನ್ನು
ನಾನಿನ್ನೂ ಎಣಿಸಿಲ್ಲ.