ಮೊಳೆಯ ಎತ್ತರ

ಶಾಲೆಯ ಜಿಮ್ಮಿನಲ್ಲಿ, ಬ್ಯಾಸ್ಕೆಟ್‌ಬಾಲಿನ ಬಳೆಯ ಕೆಳಗೆ
ನಾಲ್ಕು ಮೇಜು ಕೂಡಿಸಿ ನಕ್ಷೆ ಹಾಸಿದೆವು.
ಹಳೆಯದು ಎಡಕ್ಕೆ, ಹೊಸದು ಬಲಕ್ಕೆ,
ನಡುವೆ ಇಪ್ಪತ್ತಾರು ವರ್ಷ, ಅಗಲವಾದ ಒಂದು ಸೇತುವೆ,
ಕಲ್ಲಿದ್ದಲಿಗೆ ತಲೆ ಕೊಟ್ಟ ಒಂದು ಗುಡ್ಡ.

ಹೊಸದರಲ್ಲಿ ನೀಲಿ ಹಿಂದೆ ಸರಿದಿದೆ.
ಸೈಲಸ್ ರಸ್ತೆಯ ಹದಿನೇಳು ಮನೆ ಬಣ್ಣದಿಂದ ಹೊರಗೆ.
ಹೊರಬಿದ್ದವರು ಬಂದು ಬಂದು ಕೈ ಕುಲುಕಿದರು
ನದಿಯನ್ನು ನಾನೇ ಗದರಿಸಿ ಸರಿಸಿದ ಹಾಗೆ.
ವಿಮೆಯ ಕಂತು ಉಳಿದರೆ ಡಾರೆಲ್ ಕೂಂಟ್ಜ್
ಟ್ರಕ್ಕಿಗೆ ಹೊಸ ಗೇರ್‌ಬಾಕ್ಸ್ ಹಾಕಿಸುತ್ತಾನಂತೆ.
ಒಳ್ಳೆಯದು ಎಂದೆ. ಅವರು ಕೊಟ್ಟ ಬಿಸ್ಕತ್ತು ತಿಂದೆ.

ಆಗ ಬಂದಳು ವರ್ನಾ ಸ್ಟಿಡಮ್, ಎಪ್ಪತ್ತೆಂಟರ ಪ್ರಾಯ,
ಹೆಗಲ ಮೇಲೆ ಬಾಗಿಲ ಚೌಕಟ್ಟಿನ ಕಂಬ,
ಹಿಂದಿನ ತುದಿ ಹಿಡಿದು ಕಿವಿ ಕೆಂಪಾದ ಮೊಮ್ಮಗ.
ಇಡೀ ಕಣಿವೆ ಮುಚ್ಚಿಹೋಗುವಂತೆ
ನಕ್ಷೆಯ ಮೇಲೆ ಅಡ್ಡ ಇಟ್ಟಳು.
"ಇದು ನನ್ನ ಹನ್ನೊಂದನೇ ವಯಸ್ಸಿನ ನೀರು."

ಬೆರಳ ಕೆಳಗೆ ಒಂದು ಲಾಳದ ಮೊಳೆ.
ಅಪ್ಪ ದೋಣಿಯಲ್ಲಿ ಕೂತು, ನೀರು ನಿಂತಲ್ಲಿಗೇ ಹೊಡೆದದ್ದು.
ಅಂದಿನಿಂದ ಅದಕ್ಕೆ ಕೊಟ್ಟಿಗೆಯ ಕೀಲಿ ತೂಗುಹಾಕಿ
ಮರದಲ್ಲೊಂದು ಅರ್ಧಚಂದ್ರ ಸವೆದಿದೆ.

ನೂರು ವರ್ಷದ ನೆರೆ ಎಂದರೆ
ಪ್ರತಿ ವರ್ಷವೂ ನೂರರಲ್ಲೊಂದು ಪಾಲು ಎಂದು
ಹೇಳಹೊರಟೆ. ಕೈ ಎತ್ತಿ ತಡೆದಳು.
"ಅಂಥವು ಮೂರು ನೋಡಿದ್ದೇನೆ. ಮುನ್ನೂರು ವರ್ಷದವಳು ನಾನು.
ನನ್ನ ಮನೆಯನ್ನು ನೀಲಿಯೊಳಗೆ ಹಾಕು."

ಹೊರಗೆ ಹಾಕಿ ಎಂದು ಅತ್ತವರನ್ನು ಕಂಡಿದ್ದೇನೆ,
ಬೈದವರನ್ನು, ವಕೀಲರನ್ನು ಕರೆತಂದವರನ್ನು.
ಒಳಗೆ ಹಾಕು ಎಂದವರು ಇವಳೊಬ್ಬಳೇ.
ಜಿಮ್ಮು ಗಪ್‌ಚುಪ್. ಡಾರೆಲ್ ಟೋಪಿ ತೆಗೆದು ಮತ್ತೆ ಹಾಕಿಕೊಂಡ.
ಆ ಮೊಳೆ ನಿಜವಾದರೆ ಅವನೂ ಒಳಗೆ,
ಗೇರ್‌ಬಾಕ್ಸೂ.

ನಿಯಮ ಹೇಳಿದೆ: ತೊಂಬತ್ತು ದಿನ, ಲಿಖಿತ ಆಕ್ಷೇಪಣೆ, ಆಧಾರ.
ಆಮೇಲೆ ಹೇಳದೆ ವಿಧಿಯಿಲ್ಲದ್ದು:
"ಮೇಡಂ, ಕಿತ್ತು ತಂದ ಕಂಬಕ್ಕೆ
ಉದ್ದ ಇರುತ್ತದೆ, ಎತ್ತರ ಇರುವುದಿಲ್ಲ.
ಎತ್ತರ ಅಲ್ಲೇ ಉಳಿಯಿತು, ನಿಮ್ಮ ಹೊಸ್ತಿಲಲ್ಲಿ."

ಯಾರೋ ಕಿಸಕ್ಕೆಂದರು.
"ಹಾಗಾದರೆ ಎತ್ತು," ಅಂದಳು ವರ್ನಾ, "ಆ ಕಡೆಯ ತುದಿ."

ಸಂಜೆ ಬೆಳಕು ಇನ್ನೂ ಇತ್ತು.
ಹಳೆಯ ತೂತುಗಳಿಗೇ ತಿರುಪು ಕೂತವು;
ಬಣ್ಣದ ಗೆರೆ ಗೋಡೆಯ ಗೆರೆಗೆ ಕೂಡಿತು.
ಮುಕ್ಕಾಲಿ ನಿಲ್ಲಿಸಿದೆ. ಅಳತೆಕೋಲು ಹಿಡಿಯಲು ಆಳಿಲ್ಲ.
ಹಿಂದೆಯೇ ಬಂದಿದ್ದ ಡಾರೆಲ್, ಕರೆಯದೆಯೇ, ಹಿಡಿದ.

ಒಂದಿಷ್ಟು ಓರೆ ಹಿಡಿಯಬಹುದಿತ್ತು.
ಅಷ್ಟು ದೂರದಿಂದ ನನಗೇನು ಗೊತ್ತಾಗುತ್ತಿತ್ತು?
ಅವನು ಕೋಲಿನ ಗಾಜಿನೊಳಗಿನ ಗುಳ್ಳೆ ನಡುವಿಗೆ ಬರುವವರೆಗೆ
ಉಸಿರು ಕಟ್ಟಿ ಕಾದ,
"ಈಗ ಓದು," ಎಂದ.

ನಮ್ಮ ಲೆಕ್ಕದ ನೀರು ಏಳುನೂರ ಹನ್ನೆರಡು ಅಡಿ, ಮೇಲೆ ನಾಲ್ಕು ದಶಾಂಶ.
ಮೊಳೆ ಅದಕ್ಕಿಂತ ಒಂದಡಿ ಎರಡು ಬೆರಳು ಮೇಲಿತ್ತು.
ಎರಡನೇ ಸಲ ಓದಿದೆ. ಮೂರನೇ ಸಲ,
ನನ್ನದೇ ತಪ್ಪಿರಲಿ ಎಂಬ ಆಸೆಯಿಂದ.

ಕಚೇರಿ ಒಪ್ಪುತ್ತದೋ, ಸೇತುವೆಯ ಮಾತನ್ನೇ ನಂಬುತ್ತದೋ,
ಬೋಳುಗುಡ್ಡದ ಮಳೆಯನ್ನು ಯಾವ ಅಂಕಣಕ್ಕೆ ಹಾಕುತ್ತದೋ.
ವ್ಯಾನಿನ ದೀಪದಲ್ಲಿ ಅರ್ಜಿ ತುಂಬಿದೆ.
ಆಧಾರದ ಸ್ವರೂಪ ಎಂದಿದ್ದ ಕಡೆ:
ಮೊಳೆ, ಒಂದು.
ತುಕ್ಕು ಹಿಡಿದಿದೆ.
ಎಳೆದು ನೋಡಿದೆ. ಅಲುಗುವುದಿಲ್ಲ.