ಎರಡು ತಟ್ಟಿದರೆ ರೈಟ್

ಗುತ್ಯಪ್ಪನವರು ಫೋನನ್ನು ಗಾಜಿನ ಮೇಲಿಟ್ಟು
"ಇದಕ್ಕೆ ಕಣ್ಣು ಕಾಣ್ತಿಲ್ಲ, ಸ್ವಲ್ಪ ನೋಡಮ್ಮ ನಗೀನಾ" ಅಂದರು.
ಫೋನು ಸರಿಯಾಗೇ ಇತ್ತು.

ಮೂವತ್ತೊಂದು ವರ್ಷ ಶಿವಮೊಗ್ಗದ ಖಾಸಗಿ ಬಸ್ ಸ್ಟ್ಯಾಂಡಿನಲ್ಲಿ
ಊರುಗಳನ್ನು ಕೂಗಿದ ಗಂಟಲು ಅದು.
ಆಯ್ನೂರ್ ಕುಂಸಿ ಆನಂದ್‌ಪುರ ಸಾಗರಾ...
ಕಾಲೇಜಿನ ದಿನಗಳಲ್ಲಿ ನಾನೂ
ಬೋರ್ಡು ಓದದೆ, ಆ ದನಿಯನ್ನೇ ಹತ್ತಿ ಕೂತವಳು.
ಈಗ ಸಕ್ಕರೆ ಅವರ ಕಣ್ಣಿನ ಹಿಂಬದಿಯನ್ನು
ಗೆದ್ದಲಿನ ಹಾಗೆ ಸದ್ದಿಲ್ಲದೆ ತಿಂದಿದೆ.
ಬಸ್ಸುಗಳನ್ನು ಹಾರನ್ನಿನಲ್ಲೇ ಗುರುತು ಹಿಡಿಯುತ್ತಾರಂತೆ;
ಫೋನಿಗೆ ಹಾರನ್ನಿಲ್ಲ.
ಹೋದ ವಾರ ಮೆಡಿಕಲ್ ಶಾಪಿಗೆ ಇನ್ನೂರರ ಬದಲು
ಎರಡು ಸಾವಿರ ಹೋಯಿತು.
"ಸೊನ್ನೆ ಅಲ್ವಾ, ಕಂಡರೂ ಒಂದೇ
ಕಾಣದಿದ್ದರೂ ಒಂದೇ ಅಂದ್ಕೊಂಡೆ."

ಮೊದಲು ಅಕ್ಷರ ದೊಡ್ಡದು ಮಾಡಿದೆ.
ಇನ್ನೂ, ಅಂದರು. ಇನ್ನೂ.
ಕೊನೆಗೆ ತಂಗಿ ಹುಚ್ಚಮ್ಮನ ಹೆಸರು
ಪರದೆ ತುಂಬಿ, ಅಂಚು ದಾಟಿ,
ಬರೀ "ಹುಚ್ಚ" ಉಳಿಯಿತು.
"ಅದೂ ಸುಳ್ಳಲ್ಲ ಬಿಡು" ಎಂದು ನಕ್ಕರು.

ಆಮೇಲೆ ಬಣ್ಣ ತಿರುವಿ ಹಾಕಿದೆ:
ಕಪ್ಪಿನ ಮೇಲೆ ಹಳದಿ.
"ಹಾ, ಇದು ಬಸ್ಸಿನ ಬೋರ್ಡು" ಅಂದು
ಮೂಗಿನ ತುದಿಗೆ ಹಿಡಿದು ಸ್ವಲ್ಪ ಹೊತ್ತು ಓದಿ
ಮತ್ತೆ ಕೆಳಗಿಟ್ಟರು.
ನಟ್ಟನಡುವೆ ಒಂದು ತೂತಿದೆಯಂತೆ,
ನೋಡಿದ ಕಡೆಗೆಲ್ಲ ಅದೂ ಬರುತ್ತದಂತೆ.

ಹಾಗಾಗಿ, ಓದಿ ಹೇಳುವ ದನಿಯನ್ನು ಎಬ್ಬಿಸಿದೆ.
ಅಬ್ಬಾ ಅದರ ಓಟ!
ಲೇಟಾದ ಬಸ್ಸಿನ ಹಾಗೆ, ಸ್ಟಾಪಿದ್ದಲ್ಲೂ ನಿಲ್ಲದೆ.
"ಹೊಸ ಡ್ರೈವರು" ಅಂದರು. ನಿಧಾನ ಮಾಡಿದೆ.
ಒಮ್ಮೆ ತಟ್ಟಿದರೆ ಹೆಸರು ಹೇಳುತ್ತದೆ,
ಎರಡು ತಟ್ಟಿದರೆ ತೆರೆಯುತ್ತದೆ ಎಂದು
ನಾನು ಬಿಡಿಸಿ ಹೇಳುವ ಮೊದಲೇ:
"ಒಂದು ವಿಸಿಲ್ ಹೋಲ್ಡಾನ್, ಎರಡು ವಿಸಿಲ್ ರೈಟ್.
ಗೊತ್ತಿಲ್ವಾ ನಂಗೆ?"
ಬಸ್ಸಿನ ತಗಡು ಬಡಿದು ಪಳಗಿದ ಬೆರಳು;
ಗಾಜು ಒಡೆದೀತೆಂದು ನನಗೆ ದಿಗಿಲು.

ದುಡ್ಡು ಕಳಿಸುವ ಆ್ಯಪಿಗೆ ಬಂದಾಗ ದನಿ ತಡವರಿಸಿತು.
ಹೆಸರಿಲ್ಲದ ಬಟನ್.
ಬೆರಳು ಸರಿಯಿತು. ಹೆಸರಿಲ್ಲದ ಬಟನ್.
ಮತ್ತೆ. ಹೆಸರಿಲ್ಲದ ಬಟನ್.
"ಬೋರ್ಡಿಲ್ಲದ ಬಸ್ಸನ್ನ ಸ್ಟ್ಯಾಂಡಿಗೆ ಬಿಟ್ಟೋರ್ಯಾರು?"
ಬಿಟ್ಟವಳು ನಾನಲ್ಲ. ಆದರೂ ತಲೆ ತಗ್ಗಿತು.
ಹನ್ನೆರಡು ವರ್ಷದಿಂದ ಫೋನುಗಳ ಹೊಟ್ಟೆ ಬಿಚ್ಚುತ್ತೇನೆ,
ಒಡೆದ ಗಾಜು ಬದಲಿಸುತ್ತೇನೆ,
ಕಣ್ಣು ಮುಚ್ಚಿ ಒಂದನ್ನೂ ಮುಟ್ಟಿರಲಿಲ್ಲ.

ಆ ರಾತ್ರಿ ಮುಟ್ಟಿದೆ. ಷಟರ್ ಅರ್ಧ ಎಳೆದು,
ದುಪಟ್ಟಾ ಕಣ್ಣಿಗೆ ಬಿಗಿದು.
ನನ್ನದೇ ಫೋನಿನ ಬೀಗ ದಾಟಲಾಗಲಿಲ್ಲ.
ಹತ್ತು ನಿಮಿಷಕ್ಕೆ ಸಾಕಾಗಿ ಗಂಟು ಬಿಚ್ಚಿದೆ.
ಬಿಚ್ಚಲು ನನಗೊಂದು ಗಂಟಿತ್ತು.

ಮರುದಿನ ಕೂತು ಒಂದೊಂದಕ್ಕೂ ಹೆಸರಿಟ್ಟೆವು,
ಅವರು ಹೇಳಿದ್ದು, ನಾನು ಬರೆದದ್ದು:
ಹಿಂದಕ್ಕೆ ಬಾ.
ದುಡ್ಡು ಕೊಡು, ಸೊನ್ನೆ ಎಣಿಸು.
ಬೇಡ, ಇಲ್ಲೇ ಇಳಿ.
ಎಷ್ಟು ತಟ್ಟಿದರೂ ಏನೂ ಮಾಡದ ಒಂದಕ್ಕೆ
"ಭಂಡ" ಎಂದೇ ನಾಮಕರಣ.
ಅಪ್‌ಡೇಟ್ ಬಂದರೆ ಇವೆಲ್ಲ ಅಳಿಸಿಹೋಗಬಹುದು, ಅಂದೆ.
"ಟೈಮಿಂಗ್ ಬದಲಾದ್ರೆ ಮತ್ತೆ ಕೂಗೋದು, ಇನ್ನೇನು."

ಏಳುವ ಹೊತ್ತಿಗೆ, ಯಾವುದೋ ಮೆಸೇಜಿನಲ್ಲಿ,
ಆ ದನಿ ಆನವಟ್ಟಿಯನ್ನು ಎರಡು ತುಂಡು ಮಾಡಿ ಓದಿತು.
ತಡೆಯಲಾಗಲಿಲ್ಲ ಅವರಿಗೆ.
ಫೋನಿನತ್ತ ಬಾಗಿ, ಮಗುವಿಗೆ ತಿದ್ದುವ ಹಾಗೆ,
ಆದರೆ ಹಳೆಯ ಗಂಟಲಲ್ಲಿ:
"ಶಿಕಾರ್ಪುರ ಶಿರಾಳ್ಕೊಪ್ಪ ಆನವಟ್ಟೀ..."

ಚಾರ್ಜರಿಗೆ ಕಾಯುತ್ತಿದ್ದ ಹೆಂಗಸೊಬ್ಬಳು
ದಡಕ್ಕನೆ ಎದ್ದು, ಚೀಲ ಎತ್ತಿಕೊಂಡು,
"ಸೀಟಿದೆಯಾ?" ಅಂದಳು.