ಖಾಲಿ ಇಲ್ಲ

ಇಪ್ಪತ್ತೆರಡು ದಿನ ಅತ್ತಾವರಕ್ಕೆ ನೀರು ದಿನ ಬಿಟ್ಟು ದಿನ.
ತುಂಬೆಯಲ್ಲಿ ಬಂಡೆ ಕಾಣುತ್ತದಂತೆ, ಹಾಲಿನವ ಹೇಳಿದ್ದ.
ಮೆಷಿನ್ನಿಗೆ ಹಳೆ ಬೆಡ್‌ಶೀಟು ಹೊದೆಸಿ
ಹುಡುಗಿಯರಿಗೆ ಹೇಳಿದೆ: ಒಬ್ಬರಿಗೆ ಒಂದೇ ಬಕೆಟು.

ಮೊನ್ನೆ ರಾತ್ರಿ ಮಳೆ. ನಿನ್ನೆ ನಳ್ಳಿಗೆ ಜೀವ.
ಇವತ್ತು ಹನ್ನೊಂದು ಬಿಳಿ ಕೋಟು ಒಟ್ಟಿಗೆ ತುರುಕಿ
ಗುಂಡಿ ಒತ್ತಿದೆ.

ತಿರುಗಿತು. ನೊರೆ ಬಂತು. ನಿಂತಿತು.
ಬಾಯಿ ಮುಚ್ಚಿಕೊಂಡು ಗೊಣಗುವವರ ಹಾಗೆ ಒಂದು ಸದ್ದು,
ಮತ್ತೆ ಕೆಂಪು ಅಕ್ಷರ, ಮೂರು ಸಲ ಕೂಗು.
ಗಾಜಿನಾಚೆ ಬೂದು ನೀರು; ಅದರೊಳಗೆ
ಹನ್ನೊಂದು ಜೊತೆ ತೋಳು, ಒಂದರ ಕುತ್ತಿಗೆಗೆ ಒಂದು.

ಬಾರದ ನೀರಿಗೆ ಬೈದು ಮುಗಿದಿರಲಿಲ್ಲ,
ಈಗ ಹೋಗದ ನೀರು.

ಇದ್ದಿನಬ್ಬರಿಗೆ ಫೋನು ಮಾಡಿದೆ.
"ಉಳ್ಳಾಲದಲ್ಲಿ ಒಂದು ಫ್ರಿಜ್ಜಿನ ಹೊಟ್ಟೆಯೊಳಗಿದ್ದೇನೆ ಮಾರಾಯ್ರೆ,
ಸೋಮವಾರ ನೋಡುವ.
ಅಷ್ಟರಲ್ಲಿ ಕೆಳಗೆ ಬಲಬದಿಗೆ ಒಂದು ಚಿಕ್ಕ ಬಾಗಿಲು ಉಂಟು,
ಪ್ಲಗ್ಗು ಎಳೆದು, ಬಟ್ಟಲು ಇಟ್ಟು, ನಿಧಾನಕ್ಕೆ..."
ನಿಧಾನ ಎಂಬುದು ಕೇಳುವಾಗ ನಾನು ತಿರುಗಿಸಿ ಆಗಿತ್ತು.

ಅಡುಗೆಮನೆಯ ಹೊಸ್ತಿಲವರೆಗೆ ನೇತ್ರಾವತಿ.
ಜಾಲರಿಯಲ್ಲಿ ಎರಡು ಕ್ಲಿಪ್ಪು, ಒಂದು ರೂಪಾಯಿ,
ಪರೀಕ್ಷೆಯ ಹೆದರಿಕೆಗೆ ಕಚ್ಚಿದ ಪೆನ್ನಿನ ಮುಚ್ಚಳ,
ಯಾರದೆಂದು ಹೇಳಲಾಗದ ಕೂದಲು.
ಕಳ್ಳ ಸಿಕ್ಕಿದ ಎಂದುಕೊಂಡೆ. ತೊಳೆದೆ, ಬಿಗಿದೆ,
ಹೊಸ ನೀರು ತುಂಬಿಸಿದೆ.
ಅದೇ ಗೊಣಗು. ಅದೇ ಕೆಂಪು.

ಹುಲಿಗೆಮ್ಮ ಡ್ಯೂಟಿ ಮುಗಿಸಿ ಬಂದಳು,
ಕೊಪ್ಪಳದ ಕಡೆಯವಳು, ಮೂರನೇ ವರ್ಷದ ನರ್ಸಿಂಗು.
ಚಪ್ಪಲಿ ಬಿಟ್ಟು ನೀರಿನಲ್ಲೇ ನಿಂತು ಕೇಳಿಸಿಕೊಂಡಳು.
"ಆಂಟೀ, ಮೂತ್ರದ ಚೀಲ ತುಂಬಲಿಲ್ಲಂದ್ರ
ಮೊದಲ ಡಾಕ್ಟರನ್ನ ಕರಿಯಂಗಿಲ್ರೀ.
ನಳಿಗಿ ಎಲ್ಲಿ ಮಡಚೇತಿ ಅಂತ
ಕೈಯಾಡಿಸ್ಕೋತ ಹೋಗಬೇಕು, ತುದೀತನಕ."

ಹೋದಳು. ಮೆಷಿನ್ನಿನ ಬೆನ್ನ ಹಿಂದೆ ತೂರಿ,
ಬೂದು ಪೈಪಿನ ಮೇಲೆ ಎರಡೇ ಬೆರಳು,
ನಾಡಿ ಹುಡುಕುವವಳ ಹಾಗೆ, ಬಾಲ್ಕನಿಯವರೆಗೆ.
ತುದಿಯಲ್ಲಿ ಕೆಂಪು ಮಣ್ಣು.
ಮಡಕೆಯ ತುಟಿಯಷ್ಟು ನುಣುಪಾಗಿ ಮೆತ್ತಿದ ಮಣ್ಣು.
ಅಡಿಯಿಂದ ಚಹಾದ ಬಣ್ಣದ ಒಂದೇ ಎಳೆ ನೀರು.
ಆ ಕಲೆಯನ್ನು ಅರ್ಧ ಗಂಟೆ ಮೊದಲು ನಾನೇ ಒರೆಸಿದ್ದೆ,
ಮುರಕಲ್ಲಿನ ಧೂಳೆಂದು.

ಹಿಡಿಸೂಡಿಯ ಕಡ್ಡಿಯಲ್ಲಿ ಬಿಡಿಸಿದೆವು.
ಮಣ್ಣಿನೊಳಗೆ ಸಾಲಾಗಿ ನಾಲ್ಕು ಕೋಣೆ;
ಪ್ರತಿ ಕೋಣೆಗೆ ಬುತ್ತಿ, ಜ್ಞಾನ ತಪ್ಪಿದ ಹಸಿರು ಹುಳ;
ಒಂದರಲ್ಲಿ ಅಕ್ಕಿಕಾಳಿನಂಥ ಮಗು.
ಕಡಜ.
ನಾವು ಬೆಡ್‌ಶೀಟು ಹೊದೆಸಿದ ದಿನಗಳಲ್ಲಿ ಬಂದದ್ದು,
ಅಡ್ವಾನ್ಸ್ ಇಲ್ಲದೆ, ಆಧಾರ್ ಇಲ್ಲದೆ.
ಹದಿನಾಲ್ಕು ವರ್ಷದಿಂದ ಪೇಯಿಂಗ್ ಗೆಸ್ಟ್ ನಡೆಸುವ ನನಗೆ
ಕೋಣೆ ಅಳೆದ ರೀತಿ ನೋಡಿ ಸ್ವಲ್ಪ ನಾಚಿಕೆಯೂ ಆಯಿತು.

ಹುಲಿಗೆಮ್ಮ ಮಣ್ಣನ್ನು ಬೊಗಸೆಯಲ್ಲಿ ಒಯ್ದು
ಬೇವಿನಸೊಪ್ಪಿನ ಕುಂಡದಲ್ಲಿ ಇಟ್ಟಳು.
ಬದುಕುತ್ತದಾ ಎಂದೆ.
"ನಮ್ಮ ವಾರ್ಡಿನ್ಯಾಗೂ ಹಿಂಗ ಕೇಳತಾರ್ರೀ" ಎಂದಳು. ಅಷ್ಟೆ.

ಪೈಪು ಕೆಮ್ಮಿತು, ಉಗುಳಿತು, ಆಮೇಲೆ ಸುರಿಯಿತು.
ಸದ್ದು ಕೇಳಿದ್ದೇ ಇಬ್ಬರೂ ನೆಲದ ಮೇಲೆ ಕೂತೆವು,
ಒದ್ದೆಯಾಗುವುದಕ್ಕೆ ಇನ್ನೇನೂ ಉಳಿದಿರಲಿಲ್ಲ.

ಕೋಟುಗಳು ರಾತ್ರಿಯಿಡೀ ಫ್ಯಾನಿನಡಿ ಒಣಗಿಯೂ ಒಣಗಲಿಲ್ಲ.
ಬೆಳಿಗ್ಗೆ ಇಸ್ತ್ರಿಯ ಹಬೆ. ಹನ್ನೊಂದು ಹುಡುಗಿಯರು
ಸ್ವಲ್ಪ ಹಸಿ ವಾಸನೆ ತೊಟ್ಟುಕೊಂಡು ಓಡಿದರು.

ಮಧ್ಯಾಹ್ನ ಪೈಪಿನ ಬಾಯಿಗೆ ಸೊಳ್ಳೆಪರದೆಯ ತುಂಡು ಕಟ್ಟಿದೆ.
ಗಂಟು ಬಿಗಿಯುವಾಗಲೇ ಅದು ಬಂತು,
ಕಾಲಿನಲ್ಲಿ ಉಂಡೆ ಮಣ್ಣು.
ಒಂದು ಸುತ್ತು. ಇನ್ನೊಂದು. ಪರದೆಯ ಮೇಲೆ ಕೂತು ನೋಡಿತು.

ಖಾಲಿ ಇಲ್ಲ ಎನ್ನುವುದು ನನ್ನ ನಾಲಿಗೆಗೆ ರೂಢಿ.
ಜೂನ್ ತಿಂಗಳಲ್ಲಿ ದಿನಕ್ಕೆ ಹತ್ತು ಸಲ,
ಟ್ರಂಕು ಹಿಡಿದು ಮೆಟ್ಟಿಲಲ್ಲಿ ನಿಂತ ತಾಯಂದಿರಿಗೆ.
ಇವತ್ತು ಹೇಳದೆ ಒಳಗೆ ಬಂದೆ,
ಒಲೆಯ ಮೇಲೆ ಏನೋ ಇಟ್ಟವಳ ಹಾಗೆ.